ಒಂದೇ ಸುಳಿವು, ಎರಡು ದಾರಿ: ಕ್ರಿಪ್ಟಿಕ್ ಪದಬಂಧ ಬಿಡಿಸುವುದು ಹೇಗೆ?

ಪದಬಂಧದಲ್ಲಿ 'ಸೂರ್ಯ (2)' ಅಂತ ಒಂದು ಸುಳಿವು ಇದೆ ಅಂದುಕೊಳ್ಳಿ. ರವಿ ಇರಬಹುದು, ಭಾನು ಇರಬಹುದು, ಅರ್ಕ ಕೂಡ ಇರಬಹುದು. ಆ ಸುಳಿವನ್ನು ಎಷ್ಟು ಸಲ ಓದಿದರೂ ಯಾವುದು ಅಂತ ಗೊತ್ತಾಗುವುದಿಲ್ಲ. ಮೇಲಿನಿಂದ ಕೆಳಕ್ಕೆ ಬರುವ ಇನ್ನೊಂದು ಪದ ಸಿಕ್ಕಿ ಒಂದು ಮನೆ ತುಂಬುವವರೆಗೆ ಪೆನ್ಸಿಲ್ ಹಿಡಿದು ಕಾಯಬೇಕು. ನಮ್ಮ ಪತ್ರಿಕೆಗಳ ಪದಬಂಧ ಹೆಚ್ಚಾಗಿ ಈ ಜಾತಿಯದ್ದು.

ಕ್ರಿಪ್ಟಿಕ್ ಸುಳಿವು ಹಾಗಲ್ಲ. ಅಲ್ಲಿ ಒಂದೇ ಸಾಲಿನೊಳಗೆ ಉತ್ತರಕ್ಕೆ ಎರಡು ದಾರಿ ಇರುತ್ತವೆ. ಒಂದು ಅರ್ಥದ ದಾರಿ, ಇನ್ನೊಂದು ಅಕ್ಷರಗಳ ದಾರಿ. ಎರಡೂ ಬಂದು ಒಂದೇ ಪದದಲ್ಲಿ ಸೇರಿದರೆ ಉತ್ತರ ಸರಿ ಅಂತ ಲೆಕ್ಕ. ಮರುದಿನದ ಪೇಪರ್ ನೋಡಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇದೇ.

ಒಂದು ಸುಳಿವು ನೋಡಿ:

ಆರೋಹಣದ ಮೊದಲೆರಡು ಹೆಜ್ಜೆ ತಪ್ಪಿಲ್ಲ (2)

ಸುಮ್ನೆ ಓದಿದರೆ ಸಂಗೀತ ಕಲಿಯುವ ಮಗುವಿಗೆ ಮೇಷ್ಟ್ರು ಹೇಳಿದ ಮಾತಿನ ಹಾಗಿದೆ. ಆ ಚಿತ್ರವನ್ನು ಮರೆತುಬಿಡಿ. 'ತಪ್ಪಿಲ್ಲ' ಎಂಬಲ್ಲಿಗೆ ಮೊದಲು ಒಂದು ಗೆರೆ ಎಳೆಯಿರಿ. ಗೆರೆಯ ಆಚೆ ಇರುವುದು ಅರ್ಥ. ತಪ್ಪಿಲ್ಲ ಅಂದರೆ ಸರಿ. ಈಚೆ ಇರುವುದು ಅಕ್ಷರ. ಆರೋಹಣ, ಅಂದರೆ ಸ್ವರಗಳು ಮೇಲೇರುವ ಕ್ರಮ, ಶುರುವಾಗುವುದು ಸ, ರಿ ಎಂಬ ಎರಡು ಸ್ವರಗಳಿಂದ. ಜೋಡಿಸಿದರೆ ಮತ್ತೆ ಸರಿ. ಆವರಣದ 2 ಅಂದರೆ ಉತ್ತರದಲ್ಲಿ ಎರಡು ಅಕ್ಷರ. (ಹಿಂದೋಳದಂಥ ರಾಗದಲ್ಲಿ ರಿಷಭವೇ, ಅಂದರೆ ರಿ ಸ್ವರವೇ, ಇಲ್ಲ, ನಿಜ. ಸುಳಿವು ಬರೆಯುವವರು ಹಿಡಿಯುವುದು ಏಳು ಸ್ವರದ ಸಾಮಾನ್ಯ ಕ್ರಮವನ್ನು.)

ಅರ್ಥ ಹೇಳುವ ಭಾಗ ಯಾವಾಗಲೂ ಸುಳಿವಿನ ತಲೆಯಲ್ಲಿ ಅಥವಾ ಬಾಲದಲ್ಲಿ ಇರುತ್ತದೆ, ನಡುವೆ ಇರುವುದಿಲ್ಲ. ಇದೊಂದು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಉಳಿದದ್ದೆಲ್ಲ ಗೆರೆ ಎಲ್ಲಿ ಎಳೆಯಬೇಕು ಅಂತ ಹುಡುಕುವ ಕೆಲಸ. ಬರೆದವರು ಆ ಗೆರೆಯನ್ನು ಮುಚ್ಚಿಡಲು ಎರಡೂ ಭಾಗಗಳನ್ನು ಹೊಲಿದು ಒಂದೇ ವಾಕ್ಯ ಮಾಡಿರುತ್ತಾರೆ, ಓದುವಾಗ ಹೊಲಿಗೆ ಕಾಣಬಾರದು.

ನಮ್ಮ ಕಾಸರಗೋಡಿನವರಿಗೆ ಇದು ತೀರಾ ಹೊಸ ವಿದ್ಯೆ ಅಂತ ನನಗೆ ಅನ್ನಿಸುವುದಿಲ್ಲ. ಮಳೆಗಾಲದಲ್ಲಿ ಒಂದು ತಾಳಮದ್ದಳೆಗೆ (ವೇಷ, ಕುಣಿತ ಇಲ್ಲದೆ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನಕ್ಕೆ) ಹೋಗಿ ಕೂತವರಿಗೆ ಗೊತ್ತು, ಎದುರಿನ ಅರ್ಥಧಾರಿ, ಅಂದರೆ ಪಾತ್ರದ ಮಾತು ಹೇಳುವವರು, ಆಡಿದ ಪದವನ್ನೇ ಹಿಡಿದು, ಒಡೆದು, ಬೇರೆ ಅರ್ಥಕ್ಕೆ ತಿರುಗಿಸಿ ಕೊಡುವುದನ್ನು ನಾವು ಬೆಳಗಿನ ತನಕ ಕೇಳಿದವರು. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಇದು. ಅದು ಸಾಲದು ಅಂತ, ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯವರ ಹತ್ತಿರ ತುಳು, ಬಸ್ಸಿನಲ್ಲೂ ಆಫೀಸಿನಲ್ಲೂ ಮಲಯಾಳ. ಒಂದೇ ಶಬ್ದ ಎರಡು ಕಡೆ ಎರಡು ಅರ್ಥ ಕೊಡುವುದು ನಮಗೆ ದಿನದ ಅನುಭವ. ಕ್ರಿಪ್ಟಿಕ್ ಬಿಡಿಸಲು ಬೇಕಾದ ಕಿವಿ ಇದೇ.

ಆಟ ಮಾತ್ರ ಹೊರಗಿನದ್ದು. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಮೊದಲ ಪದಬಂಧ ಪ್ರಕಟಿಸಿದರು. ಅದು ನೇರ ಸುಳಿವಿನದ್ದು. ಕ್ರಿಪ್ಟಿಕ್ ಬೆಳೆದದ್ದು ಇಂಗ್ಲೆಂಡಿನಲ್ಲಿ. 'ಅಬ್ಸರ್ವರ್' ಪತ್ರಿಕೆಗೆ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ 'ಟಾರ್ಕೆಮಾಡಾ' ಎಂಬ ಹೆಸರಿನಲ್ಲಿ ಬಹಳ ಕಷ್ಟದ ಪದಬಂಧ ಬರೆಯುತ್ತಿದ್ದರು. 1939ರಲ್ಲಿ ಅವರು ತೀರಿಕೊಂಡ ಮೇಲೆ ಡೆರಿಕ್ ಮ್ಯಾಕ್‌ನಟ್ 'ಜಿಮೆನಿಸ್' ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿದರು. ಎರಡೂ ಸ್ಪೇನಿನಲ್ಲಿ ಜನರನ್ನು ಮತದ ಹೆಸರಿನಲ್ಲಿ ವಿಚಾರಣೆಗೆ ಎಳೆದ ಅಧಿಕಾರಿಗಳ ಹೆಸರು! ಆದರೆ ಈ ಜಿಮೆನಿಸ್ 1966ರಲ್ಲಿ ತಮ್ಮ ಪುಸ್ತಕದಲ್ಲಿ ಹಾಕಿಕೊಟ್ಟ ನಿಯಮ ಬಿಡಿಸುವವರ ಪರವಾಗಿದೆ. ಅದರ ಸಾರ ಇಷ್ಟು: ಸುಳಿವಿನಲ್ಲಿ ನಿಖರವಾದ ಅರ್ಥ ಇರಬೇಕು, ನ್ಯಾಯವಾದ ಅಕ್ಷರದಾಟ ಇರಬೇಕು, ಬೇರೆ ಏನೂ ಇರಬಾರದು. ಈ ಮೂರನೆಯದ್ದೇ ಮುಖ್ಯ. ಸುಳಿವಿನಲ್ಲಿ ಒಂದು ಪದ ಕೂಡ ಸುಮ್ಮನೆ ಬಂದು ಕೂರಬಾರದು.

ನಮ್ಮ ಒಗಟು, ಗೂಢಾರ್ಥ ಅಡಗಿಸಿದ ದಾಸರ ಹಾಡು ಅಂದರೆ ಮುಂಡಿಗೆ, ಇವೆಲ್ಲ ಇದರ ನೆಂಟರೇ. ಆದರೆ ಒಗಟಿಗೆ ಎರಡು ಉತ್ತರ ಹೊಂದಿಕೊಂಡರೂ ಹೊಂದಿಕೊಂಡೀತು. ಕ್ರಿಪ್ಟಿಕ್ ಸುಳಿವಿಗೆ ಹಾಗಾಗಬಾರದು.

ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಅಕ್ಷರ, ಒಟ್ಟು 26. ಕನ್ನಡದಲ್ಲಿ ಗುಣಿತ, ಅನುಸ್ವಾರ, ಒತ್ತು ಎಲ್ಲ ಸೇರಿ ಒಂದು ಮನೆ. 'ಕುಂ' ಒಂದು ಮನೆ, 'ಕ್ಕಿ' ಒಂದು ಮನೆ. ಒತ್ತಕ್ಷರ ಬಿಟ್ಟು ಬರೀ ಕಾಗುಣಿತ ಲೆಕ್ಕ ಹಾಕಿದರೂ ನಾನೂರಕ್ಕಿಂತ ಜಾಸ್ತಿ ಬಗೆಯ ಮನೆಗಳು. ಇದರಿಂದ ಬರೆಯುವವರಿಗೆ ಕಷ್ಟ, ಬಿಡಿಸುವವರಿಗೆ ಲಾಭ. ಅಡ್ಡ ಪದದಿಂದ ಒಂದು 'ರಿ' ಸಿಕ್ಕಿದರೆ ಅದು 'ರಿ' ಮಾತ್ರ. ರ ಅಲ್ಲ, ರೀ ಅಲ್ಲ. ಒಂದೇ ಮನೆ ಬಹಳಷ್ಟು ಹೇಳಿಬಿಡುತ್ತದೆ.

ಅಕ್ಷರದಾಟದಲ್ಲಿ ಎಲ್ಲಕ್ಕಿಂತ ಸುಲಭದ್ದು ಅಡಗಿಸುವುದು. ಉತ್ತರ ಕಣ್ಣೆದುರೇ ಬರೆದಿರುತ್ತದೆ.

ಕುಂಬಳೆಯಲ್ಲಿ ಕೈಯ ಆಭರಣ (2)

ಕುಂಬಳೆ ಎಂಬ ಹೆಸರಿನ ಒಳಗೇ ಬಳೆ ಇದೆ. ಇನ್ನು ಎರಡು ಪದಗಳ ನಡುವೆ ಅಡಗಿಸಿದರೆ ಕಣ್ಣಿಗೆ ಬೀಳುವುದು ಸ್ವಲ್ಪ ಕಷ್ಟ. 'ಅವನ ಗರಡಿಯೊಳಗೆ ಪಟ್ಟಣ (3)' ಅಂದರೆ 'ಅವನ' ಪದದ ಕೊನೆಯ ನ, 'ಗರಡಿ'ಯ ಮೊದಲ ಗರ, ಸೇರಿ ನಗರ. ಪದಗಳ ನಡುವೆ ಇರುವ ಜಾಗವನ್ನು ಕಣ್ಣು ನಂಬುತ್ತದೆ. ಅದನ್ನು ನಂಬದಿರುವುದು ಅಭ್ಯಾಸದಿಂದ ಬರಬೇಕು.

ಎರಡು ಅರ್ಥದ ಸುಳಿವಿನಲ್ಲಿ ಅಕ್ಷರದಾಟವೇ ಇಲ್ಲ, ಎರಡೂ ಕಡೆ ಅರ್ಥವೇ. 'ಬೇಟೆಗಾರನ ನಿರಾಕರಣೆ (2)' ಅಂದರೆ ಬೇಡ. ಇಂಥ ಸುಳಿವು ಚಿಕ್ಕದಾಗಿದ್ದಷ್ಟೂ ಚೆಂದ. ನಮ್ಮ ಕಡೆಯವರಿಗಾಗಿಯೇ ಬರೆಯುವುದಾದರೆ ಹೀಗೂ ಬರೆಯಬಹುದು: 'ಕಾಞಂಗಾಡಿನ ಅಂಗಡಿಯಲ್ಲಿ ಅಕ್ಕಿ, ರಾಮಾಯಣದಲ್ಲಿ ವೈರಿ (2)'. ಉತ್ತರ ಅರಿ. ಮಲಯಾಳದಲ್ಲಿ ಅರಿ ಅಂದರೆ ಅಕ್ಕಿ, ಕನ್ನಡ ಕಾವ್ಯದಲ್ಲಿ ಅರಿ ಅಂದರೆ ಶತ್ರು. 'ತುಳುವರು ಹತ್ತಿರ ಕರೆದರೆ ಶಕ್ತಿ (2)' ಅಂದರೆ ಬಲ. ತುಳುವಿನಲ್ಲಿ ಬಲ ಅಂದರೆ ಬಾ. ತುಳು ಗೊತ್ತಿರುವ ಮಂಜೇಶ್ವರದಲ್ಲಿ ಇದು ನ್ಯಾಯವಾದ ಸುಳಿವು. ಧಾರವಾಡದ ಓದುಗರಿಗೆ ಇದನ್ನೇ ಕೊಟ್ಟರೆ ಅನ್ಯಾಯ, ಅವರಿಗೆ ಅಲ್ಲಿಗೆ ಹೋಗಲು ದಾರಿಯೇ ಇಲ್ಲ ಅಲ್ವಾ?

ಇನ್ನು ತುಂಡು ಜೋಡಿಸುವುದು. 'ಬಲವಲ್ಲದ ಕಡೆ ಜಲ, ದೊಡ್ಡ ಕೇಸಿನ ಮಠದ ಊರು (4)'. ಬಲವಲ್ಲದ್ದು ಎಡ, ಜಲ ಅಂದರೆ ನೀರು, ಸೇರಿದರೆ ಎಡನೀರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಕೆಡಿಸುವ ಹಾಗಿಲ್ಲ ಅಂತ 1973ರಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರ ಪೀಠ ಕೊಟ್ಟ ತೀರ್ಪು ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಹೆಸರಿನದ್ದು. ಒಳ್ಳೆಯ ಸುಳಿವು ಹೀಗೆ ಹೊರಗಿನ ತಿಳಿವಳಿಕೆಯನ್ನೂ ಸ್ವಲ್ಪ ಕೇಳುತ್ತದೆ. ಆದರೆ ಅದು ಗೊತ್ತಿಲ್ಲದವರಿಗೂ ಎಡ, ನೀರು ಎಂಬ ತುಂಡುಗಳು ಕೈಗೆ ಸಿಗುತ್ತವೆ. ಹಾಗಾಗಿ ಮೋಸ ಇಲ್ಲ.

ತುಂಡು ಒಂದೇ ಅಕ್ಷರದ್ದೂ ಆಗಬಹುದು. 'ಪಾದದ ಬುಡದಲ್ಲಿ ಕೆರೆಯ ಆರಂಭ, ಎಲೆಗೆ ಜೊತೆ (3)'. ಪಾದ ಅಂದರೆ ಅಡಿ, ಕೆರೆಯ ಆರಂಭ ಕೆ, ಉತ್ತರ ಅಡಿಕೆ. 'ಬುಡದಲ್ಲಿ' ಎಂಬ ಮಾತು ಇರುವುದರಿಂದ ಇದನ್ನು ಮೇಲಿನಿಂದ ಕೆಳಕ್ಕೆ ಬರುವ ಪದಕ್ಕೆ ಮಾತ್ರ ಹಾಕಬೇಕು. ಅಲ್ಲಿ ಕೆ ನಿಜವಾಗಿಯೂ ಅಡಿಯ ಕೆಳಗೆ ಬರುತ್ತದೆ. 'ತಲೆಕೆಳಗಾಗಿ', 'ಮಗುಚಿ' ಅಂತ ಬಂದರೂ ಅಷ್ಟೇ. ಎಡದಿಂದ ಬಲಕ್ಕೆ ಹೋಗುವ ಪದಕ್ಕೆ 'ಹಿಂದಕ್ಕೆ', 'ವಾಪಸ್', 'ತಿರುಗಿ' ಇಂಥವು ಸರಿ.

ಕಳೆಯುವ ಸುಳಿವೂ ಇದೆ. 'ದೊರೆಯ ತಲೆ ಹೋಯಿತು, ಸಾರ ಉಳಿಯಿತು (2)'. ದೊರೆ ಅಂದರೆ ಅರಸ, ತಲೆ ಹೋದರೆ ರಸ. 'ಉಳಿಯಿತು' ಕೂಡ ಇಲ್ಲಿ ವ್ಯರ್ಥ ಅಲ್ಲ, ಕಳೆದ ಮೇಲೆ ಉಳಿದದ್ದು ಸಾರ ಅಂತ ಎರಡು ಭಾಗಗಳನ್ನು ಕೂಡಿಸುವ ಕೆಲಸ ಅದು ಮಾಡುತ್ತಿದೆ.

ಅಕ್ಷರ ಕಲಸುವುದು ಇಂಗ್ಲಿಷಿನಲ್ಲಿ ದೊಡ್ಡ ಆಯುಧ. ಏಳು ಬೇರೆ ಬೇರೆ ಅಕ್ಷರಗಳನ್ನು 5040 ಬಗೆಯಲ್ಲಿ ಜೋಡಿಸಬಹುದು. ಕನ್ನಡದ ಮೂರಕ್ಷರದ ಪದಕ್ಕೆ ಆರೇ ಬಗೆ. ಹಾಗಾಗಿ ಬರೀ ಕಲಸಿ ಕೊಟ್ಟರೆ ಕ್ಷಣದಲ್ಲಿ ಬಿಡಿಸಿಬಿಡಬಹುದು. ಮಾತನ್ನು ಚೆನ್ನಾಗಿ ಹೊಲಿದರೆ ಮಾತ್ರ ಕೆಲಸ ಆಗುತ್ತದೆ:

ದಾರಿ ತಪ್ಪಿದ ಮಗನ ಲಕ್ಷ್ಯ (3)

'ದಾರಿ ತಪ್ಪಿದ' ಎಂಬುದು ಕಲಸು ಎಂಬ ಸೂಚನೆ. ಕಲಸಬೇಕಾದದ್ದು ಮಗನ, ಮೂರಕ್ಷರ. ಲಕ್ಷ್ಯ ಅಂದರೆ ಗಮನ. ಇಲ್ಲಿ ಒಂದು ವಿಷಯ ಗಮನಿಸಿ. 'ಮಗನ' ಪದದ ಕೊನೆಯ ನ ಷಷ್ಠೀ ವಿಭಕ್ತಿಯದ್ದು. ಅದೂ ಕಲಸುವ ಸಾಮಾನಿನೊಳಗೆ ಸೇರಿದೆ. ಹಿಂದೆ 'ಬೇಟೆಗಾರನ' ಅಂತ ಬಂತಲ್ಲ, ಅಲ್ಲಿಯ ನ ಎರಡು ಅರ್ಥಗಳನ್ನು ಅಂಟಿಸಲು ಬಂದದ್ದು, ಅಷ್ಟೇ. 'ಕುಂಬಳೆಯಲ್ಲಿ' ಎಂಬಲ್ಲಿ 'ಯಲ್ಲಿ' ಅಂದರೆ 'ಒಳಗೆ ಹುಡುಕು' ಎಂಬ ಅಪ್ಪಣೆ. ಇಂಗ್ಲಿಷಿನಲ್ಲಿ ಇಂಥ ಕೆಲಸಕ್ಕೆ ಚಿಕ್ಕ ಚಿಕ್ಕ ಪದಗಳು ಬಿಡಿಯಾಗಿ ನಿಲ್ಲುತ್ತವೆ. ನಮ್ಮಲ್ಲಿ ಅದು ನಾಮಪದದ ಬಾಲಕ್ಕೇ ಅಂಟಿಕೊಂಡಿರುತ್ತದೆ. ಕನ್ನಡದಲ್ಲಿ ಕ್ರಿಪ್ಟಿಕ್ ಆಗುವುದಿಲ್ಲ ಅಂತ ಹೇಳುವವರು ಮುಂದಿಡುವ ಕಾರಣ ಇದೇ, ವಿಭಕ್ತಿ ಎಲ್ಲವನ್ನೂ ಕೆಡಿಸುತ್ತದೆ ಅಂತ. ನನಗೆ ಅದು ಒಪ್ಪಿಗೆ ಇಲ್ಲ. ಪ್ರತ್ಯಯ ಮೂರು ಕೆಲಸಕ್ಕೆ ಸಿಗುತ್ತದೆ: ಸಾಮಾನಾಗಿ, ಅಂಟಾಗಿ, ಅಪ್ಪಣೆಯಾಗಿ. ಯಾವ ಸುಳಿವಿನಲ್ಲಿ ಯಾವ ಕೆಲಸ ಅಂತ ಹುಡುಕುವುದರಲ್ಲೇ ಕನ್ನಡದ ಆಟದ ರುಚಿ ಇದೆ. ಅರ್ಥದ ಭಾಗದಲ್ಲಿ ಮಾತ್ರ ಬಿಗಿ ಇರಬೇಕು. 'ಓಡಿದ' ಅಂತ ಅರ್ಥ ಕೊಟ್ಟರೆ ಉತ್ತರವೂ ಭೂತಕಾಲದಲ್ಲೇ ಬರಬೇಕು.

ಉಚ್ಚಾರದ ಆಟ ನಮ್ಮಲ್ಲಿ ಕಡಿಮೆ, ಬರೆದ ಹಾಗೇ ಓದುವ ಭಾಷೆ ನಮ್ಮದು. ಹಕಾರ ಬಿಟ್ಟು ಮಾತಾಡುವ ಊರುಗಳನ್ನು ನೆನೆಸಿಕೊಂಡು ಹಕ್ಕಿಯನ್ನು ಅಕ್ಕಿ ಮಾಡಬಹುದು. ಅದಕ್ಕಿಂತ ಹೆಚ್ಚು ನನಗೆ ಕಂಡಿಲ್ಲ.

ಈಗ ಒಂದು ಸುಳಿವನ್ನು ನಿಧಾನವಾಗಿ, ತಪ್ಪು ದಾರಿಗಳ ಸಮೇತ ಬಿಡಿಸೋಣ.

ಗಾಂಧಾರವನ್ನು ಒಳಗಿಟ್ಟುಕೊಂಡು ದಾರಿ ನೋಡಿದ ಪತ್ರ (3)

ಗಾಂಧಾರ ಅಂದ ಕೂಡಲೇ ಶಕುನಿ ಎದುರು ಬಂದು ನಿಲ್ಲುತ್ತಾನೆ, ಹಿಂದೆಯೇ ಕಣ್ಣಿಗೆ ಬಟ್ಟೆ ಕಟ್ಟಿದ ಗಾಂಧಾರಿ. 'ದಾರಿ ನೋಡಿದ' ಎಂಬುದು ಅದಕ್ಕೆ ಇನ್ನಷ್ಟು ಬಣ್ಣ ಕೊಡುತ್ತದೆ. ಬರೆದವರಿಗೆ ಬೇಕಾದದ್ದು ನೀವು ಅಲ್ಲೇ ಸುತ್ತುತ್ತಾ ಇರಬೇಕು ಅಂತ. ಅಲ್ಲಿಂದ ಹೊರಗೆ ಬನ್ನಿ. ಅರ್ಥ ತಲೆಯಲ್ಲಿದೆಯೋ ಬಾಲದಲ್ಲಿದೆಯೋ? ತಲೆಯಲ್ಲಿ 'ಗಾಂಧಾರವನ್ನು' ಅಂತ ದ್ವಿತೀಯೆಯಲ್ಲಿದೆ. ಅದೇ ಅರ್ಥವಾಗಿದ್ದರೆ ಉತ್ತರಕ್ಕೂ 'ಅನ್ನು' ಬರಬೇಕಿತ್ತು, ಮೂರು ಅಕ್ಷರದಲ್ಲಿ ಅದು ಕಷ್ಟ. ಹಾಗಾದರೆ ಬಾಲ, 'ಪತ್ರ'. ಮೂರಕ್ಷರದಲ್ಲಿ ಪತ್ರ ಅಂದರೆ ಕಾಗದ ಇದೆ, ದಾಖಲೆ ಇದೆ. ಎಲೆ ಎಂಬ ಅರ್ಥ ಹಿಡಿದರೆ ಮೂರಕ್ಷರದ್ದು ಥಟ್ಟನೆ ಹೊಳೆಯುವುದಿಲ್ಲ. ಸಾದಾ ಪದಬಂಧವಾಗಿದ್ದರೆ ಇಲ್ಲಿಗೇ ನಿಂತು ಅಡ್ಡ ಪದಕ್ಕೆ ಕಾಯಬೇಕಿತ್ತು.

ಇನ್ನು ಅಕ್ಷರದ ಕಡೆ ಹೋಗಿ. 'ಒಳಗಿಟ್ಟುಕೊಂಡು' ಅಂದರೆ ಒಂದರ ಹೊಟ್ಟೆಯೊಳಗೆ ಇನ್ನೊಂದು. ಹೊರಗಿನದ್ದು 'ದಾರಿ ನೋಡಿದ'. ದಾರಿ ನೋಡುವುದು ಅಂದರೆ ಕಾಯುವುದು, ಹಾಗಾಗಿ ಕಾದ. ಎರಡು ಅಕ್ಷರ ಆಯಿತು, ಒಳಗೆ ಇನ್ನೊಂದಕ್ಕೆ ಜಾಗ ಇದೆ. ಗಾಂಧಾರ ಒಂದೇ ಅಕ್ಷರ ಆಗುವುದು ಹೇಗೆ? ಸ್ವರವಾದರೆ ಆಗುತ್ತದೆ. ಗಾಂಧಾರ ಸ್ವರ ಅಂದರೆ ಗ. ಕಾ, ಗ, ದ. ಕಾಗದ. ದಾಖಲೆ ತಾನಾಗಿಯೇ ಬಿದ್ದುಹೋಯಿತು. ಇಂಗ್ಲಿಷಿನವರು ಒಂದಕ್ಷರಕ್ಕೆ ರೋಮನ್ ಅಂಕಿ, ದಿಕ್ಕಿನ ಹೆಸರು ಅಂತ ಹುಡುಕುತ್ತಾರೆ. ನಮಗೆ ಏಳು ಸ್ವರಗಳು ಇದ್ದೇ ಇವೆ.

ಉತ್ತರ ಹೊಳೆದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಅದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಸುಳಿವಿನ ಪ್ರತಿಯೊಂದು ಪದಕ್ಕೂ ಲೆಕ್ಕ ಕೊಟ್ಟು ನೋಡಬೇಕು. ಅರ್ಥಕ್ಕೆ ಅಡಿಗೆರೆ ಹಾಕಿ. ಒಳಗಿಟ್ಟದ್ದನ್ನು ಆವರಣದಲ್ಲಿ ಬರೆಯಿರಿ: ಕಾ(ಗ)ದ. ಜೋಡಿಸಿದ್ದಕ್ಕೆ ಕೂಡಿಸುವ ಗುರುತು: ಅಡಿ + ಕೆ. ಕಲಸಿದ್ದಕ್ಕೆ ಒಂದು ನಕ್ಷತ್ರ: (ಮಗನ)*. ಒಂದು ಪದ ಯಾವುದರಲ್ಲೂ ಸೇರದೆ ಹೊರಗೆ ಉಳಿಯಿತು ಅಂದರೆ, ಒಂದೋ ನಿಮ್ಮ ಉತ್ತರ ತಪ್ಪು, ಇಲ್ಲವೇ ಬರೆದವರು ಸಡಿಲ ಬಿಟ್ಟಿದ್ದಾರೆ. ಮೊದಲನೆಯದನ್ನೇ ಮೊದಲು ಅನುಮಾನಿಸಿ.

ಬೇರೆಯವರಿಗೆ ಬಿಡಿಸಿ ಹೇಳುವಾಗ ಉತ್ತರದಿಂದ ಶುರು ಮಾಡಬೇಡಿ. ಮಕ್ಕಳಿಗೆ ಹೇಳಿಕೊಡುವಾಗ ಇದು ಇನ್ನೂ ಮುಖ್ಯ. ಅರ್ಥ ಯಾವ ತುದಿಯಲ್ಲಿದೆ ಅಂತಷ್ಟೇ ಹೇಳಿ, ಸ್ವಲ್ಪ ಬಿಡಿ. ಆಗದಿದ್ದರೆ ಸೂಚನೆಯ ಪದ ತೋರಿಸಿ, ಮತ್ತೆ ಬಿಡಿ. ಕೊನೆಗೆ ಮಾತ್ರ ತುಂಡು. ತಾನಾಗಿ ಸಿಕ್ಕಿದ 'ಗ'ದ ಖುಷಿ ನಾವು ಹೇಳಿಕೊಟ್ಟ ಕಾಗದದಲ್ಲಿ ಇರುವುದಿಲ್ಲ.

ತಿರುಗಿಸುವ ಸುಳಿವನ್ನು ಕೊನೆಗೆ ಇಟ್ಟುಕೊಂಡೆ, ಅದು ನಮ್ಮಲ್ಲಿ ತುಂಬಾ ಹಳೆಯದು. ವಿಕಟಕವಿ ಎಂಬ ಪದ ಯಾವ ಕಡೆಯಿಂದ ಓದಿದರೂ ಅದೇ ಅಂತ ತೆನಾಲಿ ರಾಮನ ಕಥೆಯಲ್ಲಿ ಎಲ್ಲರೂ ಕೇಳಿದ್ದೇವೆ. ಇಲ್ಲಿ ಜಾಗ್ರತೆ ಬೇಕಾದದ್ದು ಎರಡು ಕಡೆ. ಒಂದು, ಗುಣಿತ ತನ್ನ ಅಕ್ಷರವನ್ನು ಬಿಡಬಾರದು. 'ಮರ' ತಿರುಗಿದರೆ ರಮ, ರಾಮ ಅಲ್ಲ. ಇನ್ನೊಂದು, ತಿರುಗುವುದು ಯಾವುದು ಅಂತ ಗೊಂದಲ ಇರಬಾರದು. 'ಮಂಗ ತಿರುಗಿ ಕೋಗಿಲೆ (2)' ಅಂದರೆ ಉತ್ತರ ಕಪಿಯೋ ಪಿಕವೋ? ಯಾವುದೂ ಆಗಬಹುದು, ಹಾಗಾಗಿ ಕೆಟ್ಟ ಸುಳಿವು. 'ಕೋಗಿಲೆ ತಿರುಗಿದರೆ ಮಂಗ' ಅಂತ ಬರೆದರೆ ತಿರುಗಿದ್ದು ಪಿಕ, ಉತ್ತರ ಕಪಿ ಒಂದೇ.

ಇಡೀ ಸುಳಿವೇ ಅರ್ಥ, ಇಡೀ ಸುಳಿವೇ ಅಕ್ಷರದಾಟ, ಗೆರೆ ಎಳೆಯಲು ಜಾಗವೇ ಇಲ್ಲ, ಅಂಥದ್ದು ಅಪರೂಪಕ್ಕೆ ಒಂದು ಸಿಗುತ್ತದೆ. ಬರೆಯುವವರ ದೊಡ್ಡ ಆಸೆ ಅದು. ಕನ್ನಡದಲ್ಲಿ ನನಗೆ ಗೊತ್ತಿರುವ ಅತ್ಯಂತ ಚೆಂದದ ಉದಾಹರಣೆಗೆ ಸಾಮಾನು ಕೊಟ್ಟದ್ದು ವಾಲ್ಮೀಕಿಯ ಕಥೆ:

ಮರಾ ಅಂತ ಬೇಡ ತಿರುಗಿ ತಿರುಗಿ ಹೇಳಿದ್ದು (2)

'ತಿರುಗಿ ತಿರುಗಿ' ಅಂದರೆ ಮತ್ತೆ ಮತ್ತೆ. 'ತಿರುಗಿ' ಅಂದರೆ ಹಿಂದುಮುಂದಾಗಿ ಕೂಡ. ಮರಾ ತಿರುಗಿದರೆ ರಾಮ. ಆ ಬೇಡ ಕೊನೆಗೆ ಹೇಳಿದ್ದೂ ಅದನ್ನೇ. ಒಂದು ಪದವನ್ನೂ ತೆಗೆಯುವ ಹಾಗಿಲ್ಲ.

ಇನ್ನು ಮೂರು ನಿಮಗೆ. ಉತ್ತರದ ಜೊತೆ ಒಂದೊಂದು ಪದದ ಲೆಕ್ಕವನ್ನೂ ಬರೆದು ನೋಡಿ.

ಸದಾ ಹಿಂದಿರುಗಿ ಬರುವ ಸೇವಕ (2)

ಆನೆಯವನ ಬಾಲ ಕತ್ತರಿಸಿದರೆ ಹಣ್ಣು (2)

ಕಾಗೆಯ ತಲೆ, ಕೊರಳಿನ ಆಭರಣ, ಹೊಳೆ ತಂದ ಮಣ್ಣು ಸೇರಿದರೆ ಚಂದ್ರಗಿರಿಯ ಬದಿಯ ಪೇಟೆ (5)